ಉಸಿರಿಗೊಂದು ಬೇಲಿ

ಗಾಳಿಯು ಎಲ್ಲರ ಸೊತ್ತು. ಒಬ್ಬನು ಹೊರಬಿಟ್ಟ ಉಸಿರನ್ನು ಬಳಿಯಲ್ಲಿರುವ ಮತ್ತೊಬ್ಬನು ಒಳಗೆಳೆದುಕೊಳ್ಳುತ್ತಾನೆ. ಮಾತು, ಕೆಮ್ಮು, ಸೀನುಗಳೊಡನೆ ಹೊಮ್ಮುವ ಹನಿಗಳಲ್ಲಿ ರೋಗದ ವೈರಾಣುಗಳೂ ಪಯಣಿಸುತ್ತವೆ. ದೊಡ್ಡ ಹನಿಗಳು ಬೇಗನೆ ನೆಲಕ್ಕಿಳಿಯುತ್ತವೆ. ಅತಿ ಸೂಕ್ಷ್ಮವಾದವು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತವೆ. ಆದುದರಿಂದ ದೂರ ನಿಲ್ಲುವುದು ಒಳ್ಳೆಯದಾದರೂ ಅದೊಂದೇ ಸಾಲದು.

ಹಾಗಾದರೆ ಮುಖಗವಸಿನಿಂದ ಪ್ರಯೋಜನವೆಷ್ಟು? ಇದನ್ನರಿಯಲು ಕೊರೋನಾ ಹಬ್ಬಿದ್ದಾಗ, 2020ರ ನವೆಂಬರಿನಿಂದ 2021ರ ಏಪ್ರಿಲ್‌ವರೆಗೆ, ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಮುಖಗವಸುಗಳನ್ನು ಉಚಿತವಾಗಿ ಹಂಚಿ, ಸಂತೆಯಲ್ಲಿಯೂ ಮಸೀದಿಯಲ್ಲಿಯೂ ಅದರ ನೆನಪು ಮಾಡಿಕೊಟ್ಟರು. ಉಳಿದ ಹಳ್ಳಿಗಳಲ್ಲಿ ನೂರಕ್ಕೆ 13 ಮಂದಿ ಅದನ್ನು ಸರಿಯಾಗಿ ಧರಿಸುತ್ತಿದ್ದರೆ, ಈ ಹಳ್ಳಿಗಳಲ್ಲಿ 42 ಮಂದಿ ಧರಿಸಿದರು. ರೋಗಲಕ್ಷಣ ತೋರಿ ರಕ್ತಪರೀಕ್ಷೆಯಲ್ಲಿ ದೃಢಪಟ್ಟ ಸೋಂಕು ಸುಮಾರು ಶೇಕಡಾ 9ರಷ್ಟು ತಗ್ಗಿತು.

‘ಇಷ್ಟೇಯೇ?’ ಎಂದು ಮೂಗು ಮುರಿಯುವವರುಂಟು. ಆದರೆ ಇದು ಅರ್ಧಕ್ಕೂ ಕಡಮೆ ಜನರು ಧರಿಸಿದಾಗ ದೊರೆತ ಫಲ. ಬಟ್ಟೆಯ ಗವಸಿನ ಫಲ ಅಷ್ಟು ಸ್ಪಷ್ಟವಾಗಿರಲಿಲ್ಲ. ವೈದ್ಯರು ಬಳಸುವಂತಹ ಗವಸನ್ನು ಹಂಚಿದ ಹಳ್ಳಿಗಳಲ್ಲಿಯಾದರೋ, 60 ವರ್ಷ ದಾಟಿದವರಲ್ಲಿ ಇಂತಹ ಸೋಂಕು ಸುಮಾರು ಶೇಕಡಾ 35ರಷ್ಟು ಇಳಿಯಿತು.

ಮುಖಗವಸು ಹೊಲದ ಬೇಲಿಯಂತೆ. ಬೇಲಿಯಲ್ಲಿ ಸಂದುಗಳಿವೆಯೆಂದು ರೈತನು ಅದನ್ನು ಕಿತ್ತೊಗೆಯುವುದಿಲ್ಲ; ಸಂದು ಕಂಡಲ್ಲಿ ಮುಳ್ಳು ತುರುಕುತ್ತಾನೆ. ಜನರ ನಡುವಣ ಅಂತರ, ತೆರೆದ ಕಿಟಕಿ ಇವು ಅಂತಹ ಮುಳ್ಳುಗಳು. ತರುಣನೊಬ್ಬನು ತನ್ನ ಮುಖಕ್ಕೆ ಕಟ್ಟಿಕೊಂಡ ಬೇಲಿ ಎಷ್ಟೋ ವೇಳೆ ಕಾಯುವುದು ಜಗಲಿಯ ಮೇಲೆ ಕುಳಿತ ಅಜ್ಜಿಯ ಉಸಿರನ್ನು.