ಮಗಳ ಕಂಪ್ಯೂಟರೂ ನನ್ನ ಬಾಯಿಯೂ

ಮೊದಲೇ ಹೇಳಿಬಿಡುತ್ತೇನೆ, ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸುವುದು, ಮಿಕ್ಸಿ ನಿಂತುಹೋದರೆ ಅದರ ಅಡಿಯ ಕೆಂಪು ಗುಂಡಿ ಒತ್ತುವುದು, ಇಷ್ಟೇ ನನ್ನ ಇಂಜಿನಿಯರಿಂಗು. ಅಂಥವಳು ಕಂಪ್ಯೂಟರ್ ಬಗ್ಗೆ ಬರೆಯಲು ಕೂತಿದ್ದೇನೆ ಎಂದಾಗ ನಮ್ಮವರು ಪೇಪರ್ ಕೆಳಗಿಳಿಸಿ ನಕ್ಕರು. "ಹುಳಿಪುಡಿ ಬಗ್ಗೆ ಬರಿ, ನಾಲ್ಕು ಜನ ಮಾಡ್ಕೊಂಡು ತಿಂತಾರೆ" ಎಂದರು. ನಗಲಿ ಬಿಡಿ. ಇದು ನಿಮ್ಮ ಮನೆಯಲ್ಲೂ ಆಗಬಹುದಾದ ಸಂಗತಿ.

ನಮ್ಮ ಮಗಳು ಪುಟ್ಟಿ ತುಮಕೂರಿನಲ್ಲೇ ಡಿಗ್ರಿ ಕೊನೆಯ ವರ್ಷ ಓದುತ್ತಿದ್ದಳು. ಜೊತೆಗೆ ಮದುವೆ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸುವ ಕೆಲಸ ಕಲಿತಿದ್ದಳು. 2024ರ ಕಾರ್ತಿಕದಲ್ಲಿ ಅವಳಿಗೆ ಮೊದಲ ಸಲ ದುಡ್ಡು ಕೊಡುವ ಕೆಲಸ ಸಿಕ್ಕಿತು. ಡಿಸೆಂಬರಿನ ಎರಡನೇ ಭಾನುವಾರ ಹುಡುಗಿ ಮನೆಯವರ ಕೈಗೆ ವಿಡಿಯೋ ಸೇರಬೇಕು. ಆದರೆ 2019ರಲ್ಲಿ ಕೊಂಡ ಕಂಪ್ಯೂಟರು ಆಮೆಯಂತೆ ತೆವಳುತ್ತಿತ್ತು. "ಅಮ್ಮ, ಪೂರ್ತಿ ಹೊಸದು ಬೇಡ. ಒಳಗಿನ ಪ್ರೊಸೆಸರ್ ಒಂದು ಬದಲಾಯಿಸಿದ್ರೆ ಸಾಕು" ಎಂದಳು. ನಾನು ಓಲೆಗೆಂದು ಚೀಟಿ ಎತ್ತಿದ್ದ ಹಣದಲ್ಲಿ 11,000 ರೂಪಾಯಿ ಕೊಟ್ಟೆ. ಬೆಂಗಳೂರಿನ ಒಂದು ಅಂಗಡಿಗೆ ಹೋಗಿ ತಂದಳು.

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು. ಬಿಸ್ಕತ್ತಿಗಿಂತ ಚಿಕ್ಕದು. ನಮ್ಮಲ್ಲಿದ್ದ ಬಗೆಯದಕ್ಕೆ ಅಡಿಯಲ್ಲಿ ಕೂದಲಿನಂಥ 1331 ಕಡ್ಡಿಗಳಿರುತ್ತವೆ. ಒಂದು ಬಾಗಿದರೂ ತೊಂದರೆ. ಅದು ಮದರ್‌ಬೋರ್ಡ್ ಎಂಬ ದೊಡ್ಡ ಹಲಗೆಯ ಮೇಲೆ ಕೂರುತ್ತದೆ, ಅದರ ತಲೆಯ ಮೇಲೆ ಒಂದು ಫ್ಯಾನು. ನಮ್ಮದು ಹಳೆಯ ರೈಜನ್ 3, ತಂದದ್ದು ರೈಜನ್ 5. ಎರಡಕ್ಕೂ ಬೇಕಾದ ಗೂಡು ಒಂದೇ, ಎಎಂ4 ಎಂದು ಅದರ ಹೆಸರು. ಗೂಡು ಒಂದೇ ಆದಮೇಲೆ ಹಕ್ಕಿ ಯಾವುದಾದರೇನು ಎಂದುಕೊಂಡೆವು.

ಮಂಗಳವಾರ ಸಂಜೆ ಪುಟ್ಟಿ ತಾನೇ ಬಿಚ್ಚಿ ಹಾಕಿದಳು. ಸ್ವಿಚ್ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಐದು ನಿಮಿಷ ಕಾದೆವು. ಇಲ್ಲ. ರ‍್ಯಾಮ್ ಪಟ್ಟಿಗಳನ್ನು ತೆಗೆದು ಹಾಕಿದಳು. ಇಲ್ಲ. ಪ್ರೊಸೆಸರ್ ಪಕ್ಕದ ವಿದ್ಯುತ್ ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ಆಗಲೂ ಇಲ್ಲ.

ಬುಧವಾರ ಬೆಳಿಗ್ಗೆ ನಮ್ಮೂರಿನದೇ ಒಂದು ರಿಪೇರಿ ಅಂಗಡಿಗೆ ಆಟೋದಲ್ಲಿ ಹೊತ್ತುಕೊಂಡು ಹೋದೆವು. ಅವರು ಮುಚ್ಚಳ ತೆಗೆದು ನೋಡಿದ್ದು ಎರಡೇ ನಿಮಿಷ. "ಯಾರು ಬಿಚ್ಚಿದ್ದು? ಬೋರ್ಡ್ ಸುಟ್ಟೋಗಿದೆ. ಹೊಸದಕ್ಕೆ 9,000 ಆಗುತ್ತೆ" ಎಂದರು. ಪುಟ್ಟಿ ತಲೆ ತಗ್ಗಿಸಿದಳು.

ಇಲ್ಲಿ ನನ್ನ ತಪ್ಪು ಹೇಳಿಕೊಳ್ಳಬೇಕು. ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಬಾಯಿಬಿಟ್ಟೆ. "ನೆಟ್ಟಗಿದ್ದದ್ದನ್ನ ಕೆಡಿಸಿಟ್ಟೆ. ಗೊತ್ತಿಲ್ದಿದ್ಮೇಲೆ ಯಾಕೆ ಕೈ ಹಾಕ್ಬೇಕಿತ್ತು? ಇನ್ಮೇಲೆ ಅದನ್ನ ಮುಟ್ಬೇಡ" ಎಂದೆ. ಓಲೆ ಹೋಯಿತೆಂಬ ಸಂಕಟವೂ ಆ ಮಾತಿನಲ್ಲಿ ಸೇರಿತ್ತು, ಸುಳ್ಳೇಕೆ ಹೇಳಲಿ? ಮಗಳು ಎದುರಾಡಲಿಲ್ಲ. ರಾತ್ರಿ ಅವಳಿಗೆ ಇಷ್ಟವಾದ ಅವರೆಕಾಳಿನ ಹುಳಿ ಮಾಡಿದ್ದೆ. "ಹಸಿವಿಲ್ಲಮ್ಮ" ಎಂದು ಮಲಗಿಬಿಟ್ಟಳು.

ನನಗೆ ನಿದ್ದೆ ಹತ್ತಲಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪನ ರೇಡಿಯೋ ಗೊರಗೊರ ಅನ್ನುತ್ತಿತ್ತು. ಸರಿ ಮಾಡೋಣವೆಂದು ಹಿಂದಿನ ಹಲಗೆ ಬಿಚ್ಚಿದೆ. ಇದ್ದ ಸದ್ದೂ ನಿಂತಿತು. ಅಪ್ಪ ಹೊಡೆಯಲಿಲ್ಲ. "ಇನ್ಮೇಲೆ ಏನನ್ನೂ ಮುಟ್ಬೇಡ" ಎಂದರು, ಅಷ್ಟೇ. ಮರುದಿನ ರಿಪೇರಿಯವನು ಒಂದು ವೈರು ಕಳಚಿದೆ ಎಂದು ಅಂಟಿಸಿಕೊಟ್ಟ. ರೇಡಿಯೋ ಸರಿಹೋಯಿತು. ನಾನು ಮಾತ್ರ ಅಂದಿನಿಂದ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಮೂವತ್ತು ವರ್ಷವಾಯಿತು. ಅದೇ ಮಾತನ್ನು, ಅಕ್ಷರ ಬದಲಿಸದೆ, ನಾನು ಮಗಳಿಗೆ ಹೇಳಿದ್ದೆ.

ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಹುಬ್ಬಳ್ಳಿಯಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನ ಕೆಲಸವೇ ಕಂಪ್ಯೂಟರಿನದು. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ. "ಚಿಕ್ಕಮ್ಮ, ಹಳೇ ಪ್ರೊಸೆಸರ್ ಎಲ್ಲಿದೆ? ಅದನ್ನ ವಾಪಸ್ ಹಾಕಿ ನೋಡಿದ್ರಾ?"

ಅಯ್ಯೋ, ಯಾರೂ ನೋಡಿರಲಿಲ್ಲ! ಪುಟ್ಟಿಯನ್ನು ಎಬ್ಬಿಸಿದೆ. ಅವಳು ಸ್ಕ್ರೂಡ್ರೈವರನ್ನು ನನ್ನ ಮುಂದೆ ತೆಗೆದುಕೊಳ್ಳಲು ಹಿಂಜರಿದಳು. ಆ ಹಿಂಜರಿಕೆ ನೋಡಿ ಕರುಳು ಹಿಂಡಿತು. ಪ್ಲಗ್ಗು ಕಿತ್ತು, ಫ್ಯಾನಿನ ನಾಲ್ಕು ಸ್ಕ್ರೂ ಸಡಿಲಿಸುವಾಗ ಬೋರ್ಡಿನ ಹಿಂದಿನ ತಗಡು ಕಳಚಿ ಬೀಳುತ್ತದೆಯಂತೆ. "ನಾನು ಹಿಡ್ಕೋತೀನಿ ತಾಯಿ, ನೀನು ಬಿಚ್ಚು" ಎಂದು ಕೈಕೊಟ್ಟೆ. ಫ್ಯಾನನ್ನು ಒಮ್ಮೆಲೇ ಮೇಲಕ್ಕೆಳೆಯಬಾರದು. ನಡುವೆ ಹಚ್ಚಿದ ಪೇಸ್ಟು ಅಂಟಿನಂತೆ ಹಿಡಿದು, ಪ್ರೊಸೆಸರೂ ಜೊತೆಗೆ ಕಿತ್ತು ಬಂದು ಕಡ್ಡಿಗಳು ಬಾಗುವ ಭಯವಿದೆ. ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಬಿಡಿಸಿದಳು. ಹಳೆಯದರ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಗೂಡಿನ ತ್ರಿಕೋನಕ್ಕೆ ಹೊಂದಿಸಿ, ಒತ್ತದೆ ಇಟ್ಟಳು. ಹಳೇ ಪೇಸ್ಟ್ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿದಳು.

ಸ್ವಿಚ್ ಒತ್ತಿದಳು. ಪರದೆ ಬೆಳಗಿತು!

ಸುಟ್ಟುಹೋಗಿದೆ ಎಂದ ಬೋರ್ಡು ನೆಟ್ಟಗೇ ಇತ್ತು ನೋಡಿ. 9,000 ರೂಪಾಯಿ ಅಲ್ಲೇ ಉಳಿಯಿತು.

ಹಾಗಾದರೆ ಹೊಸದಕ್ಕೇನು ರೋಗ? ಅಕ್ಕನ ಮಗ ಬಿಡಿಸಿ ಹೇಳಿದ. ಬೋರ್ಡಿನಲ್ಲಿ ಬಯೋಸ್ ಎಂಬ ಪುಟ್ಟ ಪ್ರೋಗ್ರಾಂ ಇರುತ್ತದೆ. ಕಂಪ್ಯೂಟರು ಕಣ್ಣುಬಿಟ್ಟ ಕೂಡಲೇ ಯಾರು ಯಾರು ಬಂದಿದ್ದಾರೆಂದು ನೋಡಿ ಕೆಲಸ ಹಚ್ಚುವುದು ಅದೇ, ನಮ್ಮ ಮನೆಗಳ ಅಜ್ಜಿಯ ಹಾಗೆ. ನಮ್ಮ ಬೋರ್ಡಿನ ಅಜ್ಜಿ 2019ರವಳು. ನಾವು ತಂದ ರೈಜನ್ 5 5600 ಮಾರುಕಟ್ಟೆಗೆ ಬಂದದ್ದೇ 2022ರಲ್ಲಿ. ಹೊಸ ಸೊಸೆಯನ್ನು ಬಾಗಿಲಲ್ಲಿ ನಿಲ್ಲಿಸಿ "ಯಾರಮ್ಮ ನೀನು?" ಎಂದರೆ ಸೊಸೆ ಒಳಗೆ ಬರುವುದು ಹೇಗೆ? ಅಜ್ಜಿಗೆ ಮೊದಲು ಪರಿಚಯ ಹೇಳಬೇಕು. ಅದಕ್ಕೇ ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸನ್ನು ಹೊಸದು ಮಾಡಿಕೊಂಡು, ಆಮೇಲೆ ಬದಲಾಯಿಸಬೇಕಂತೆ. ಬೋರ್ಡು ತಯಾರಿಸಿದವರೇ ಯಾವ ಪ್ರೊಸೆಸರಿಗೆ ಯಾವ ಬಯೋಸ್ ಬೇಕೆಂಬ ಪಟ್ಟಿ ಕೊಟ್ಟಿರುತ್ತಾರೆ. ನಾವು ಅದನ್ನು ಓದಿರಲಿಲ್ಲ. ತಪ್ಪು ನಮ್ಮದೇ.

ಬೋರ್ಡಿನ ಮೇಲೆ ಅಚ್ಚಾಗಿರುವ ಮಾಡೆಲ್ ನಂಬರನ್ನು ಅಕ್ಷರ ಅಕ್ಷರ ನೋಡಿ, ಅದಕ್ಕೆ ಸೇರಿದ ಫೈಲನ್ನೇ ಪುಟ್ಟಿ ಪೆನ್‌ಡ್ರೈವಿಗೆ ಇಳಿಸಿದಳು. ಬಯೋಸ್ ಬದಲಾಗುವಾಗ ಕರೆಂಟ್ ಹೋದರೆ ಬೋರ್ಡು ನಿಜವಾಗಿಯೂ ಕೆಡಬಹುದಂತೆ. ಕೇಳಿಯೇ ನನ್ನ ಎದೆ ಡವಡವ. ಪಕ್ಕದ ಮನೆಯಿಂದ ಯುಪಿಎಸ್ ಕೇಳಿ ತಂದೆ. ಗೀಸರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಹಾಕಕೂಡದೆಂದು ಅಪ್ಪಣೆ ಮಾಡಿದೆ. ನಮ್ಮವರು ಅಂದು ತಣ್ಣೀರಲ್ಲಿ ಸ್ನಾನ ಮಾಡಿ ಚಟ್ನಿ ಇಲ್ಲದ ದೋಸೆ ತಿಂದು ಅಂಗಡಿಗೆ ಹೋದರು! ಕೆಲವು ಬೋರ್ಡುಗಳಲ್ಲಿ ಪ್ರೊಸೆಸರೇ ಇಲ್ಲದೆ ಪೆನ್‌ಡ್ರೈವಿನಿಂದ ಬಯೋಸ್ ಬದಲಿಸುವ ಗುಂಡಿ ಇರುತ್ತದಂತೆ. ನಮ್ಮದರಲ್ಲಿ ಇರಲಿಲ್ಲ.

ಬಯೋಸ್ ಸುಸೂತ್ರವಾಗಿ ಬದಲಾಯಿತು. ದೇವರಿಗೆ ಕೈಮುಗಿದು ಹೊಸ ಪ್ರೊಸೆಸರ್ ಕೂರಿಸಿದೆವು. ಸ್ವಿಚ್ ಒತ್ತಿದರೆ ಮತ್ತೆ ಕಪ್ಪು ಪರದೆ.

ಪುಟ್ಟಿಯ ಕಣ್ಣಲ್ಲಿ ನೀರು ಬಂತು. ನನ್ನ ನಾಲಿಗೆ ತುದಿಗೂ ಏನೋ ಬಂತು, ಈ ಸಲ ನುಂಗಿಕೊಂಡೆ. ಸುಮ್ಮನೆ ಕೂತು ಡಬ್ಬದೊಳಗೆ ನೋಡುತ್ತಿದ್ದಾಗ ನನಗೊಂದು ಕಾಣಿಸಿತು. ಬೋರ್ಡಿನ ಅಂಚಿನಲ್ಲಿ ಸಾಸಿವೆಯಷ್ಟು ಚಿಕ್ಕ ನಾಲ್ಕು ದೀಪಗಳಿವೆ. ಮಂಗಳವಾರ ಮೊದಲನೆಯದು ಉರಿಯುತ್ತಿತ್ತು. ಈಗ ಬೇರೆಯದು ಉರಿಯುತ್ತಿದೆ! ಫೋನಿನಲ್ಲಿ ಹೇಳಿದೆ. "ಅದರ ಪಕ್ಕ ಏನು ಬರೆದಿದೆ ಚಿಕ್ಕಮ್ಮ?" ಎಂದ. ಕನ್ನಡಕ ಹಾಕಿಕೊಂಡು ಓದಿದೆ. ಮೊದಲು ಉರಿದದ್ದರ ಪಕ್ಕ ಸಿಪಿಯು, ಈಗಿನದರ ಪಕ್ಕ ವಿಜಿಎ. "ಹಾಗಾದ್ರೆ ಪ್ರೊಸೆಸರನ್ನ ಒಳಗೆ ಕರ್ಕೊಂಡಿದೆ. ಈಗ ಚಿತ್ರ ತೋರಿಸೋದು ಸಿಗ್ತಿಲ್ಲ ಅಂತ ಹೇಳ್ತಿದೆ. ಗ್ರಾಫಿಕ್ಸ್ ಕಾರ್ಡ್ ಸರಿಯಾಗಿ ಕೂತಿದೆಯಾ?" ಎಂದ. ಪುಟ್ಟಿ "ನಮ್ಮಲ್ಲಿ ಕಾರ್ಡೇ ಇಲ್ವಲ್ಲ ಅಣ್ಣ" ಎಂದಳು.

ನಾನು ಯಾವ ಡಬ್ಬವನ್ನೂ ಎಸೆಯುವವಳಲ್ಲ, ಅದಕ್ಕೆ ಮನೆಯವರೆಲ್ಲ ನಗುತ್ತಾರೆ. ಅಟ್ಟ ಹತ್ತಿ ಹಳೇ ಪ್ರೊಸೆಸರಿನ ಡಬ್ಬ ಇಳಿಸಿದೆ. ಹೊಸದರ ಡಬ್ಬವನ್ನು ಪಕ್ಕದಲ್ಲಿಟ್ಟೆ. ಬೇಳೆ ಪೊಟ್ಟಣದ ತಾರೀಕು ಓದುವ ಹಾಗೆ ಓದಿದೆ. ಹಳೆಯದರ ಮೇಲೆ 2200ಜಿ ಎಂದಿದೆ. ಹೊಸದರ ಮೇಲೆ ಬರಿಯ 5600. "ಈ ಜಿ ಎಲ್ಲಿ ಹೋಯ್ತೇ ಪುಟ್ಟಿ?" ಎಂದೆ.

ಆ ಒಂದು ಅಕ್ಷರದಲ್ಲೇ ಎಲ್ಲ ಇತ್ತು. ಈ ಬಗೆಯಲ್ಲಿ ಕೊನೆಗೆ ಜಿ ಇದ್ದರೆ ಪರದೆಗೆ ಚಿತ್ರ ಮೂಡಿಸುವ ಭಾಗ ಪ್ರೊಸೆಸರಿನೊಳಗೇ ಇರುತ್ತದೆ. ನಾವು ತಂದದ್ದರಲ್ಲಿ ಅದಿಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಂಡು ಹಾಕಬೇಕು. ಬೋರ್ಡೂ ಕೆಟ್ಟಿರಲಿಲ್ಲ, ಪ್ರೊಸೆಸರೂ ಕೆಟ್ಟಿರಲಿಲ್ಲ. ಅಕ್ಕನ ಮಗ ಫೋನಿನಲ್ಲೇ ನಕ್ಕ. "ಕಾರ್ಡ್ ಇದೆ ಅಂದ್ಕೊಂಡು ನಾನೂ ಕೇಳ್ಲಿಲ್ಲ. ನೀವೇ ಕಂಡುಹಿಡಿದ್ರಿ ಚಿಕ್ಕಮ್ಮ" ಎಂದ. ಆ ಮಾತು ಕೇಳಿ ನಾನು ಎಷ್ಟು ಉಬ್ಬಿದೆ ಎಂದು ಹೇಳಿಕೊಂಡರೆ ನೀವು ನಗುತ್ತೀರಿ.

ಶುಕ್ರವಾರ ಬೆಳಗಿನ ರೈಲಿಗೆ ತಾಯಿ ಮಗಳಿಬ್ಬರೂ ಬೆಂಗಳೂರಿಗೆ ಹೋದೆವು. ಬಿಲ್ಲು, ಡಬ್ಬ ಎರಡೂ ಇದ್ದದ್ದಕ್ಕೆ ಅಂಗಡಿಯವರು ಸ್ವಲ್ಪ ದುಡ್ಡು ಹೆಚ್ಚಿಗೆ ತೆಗೆದುಕೊಂಡು 5600ಜಿ ಬದಲಿಸಿಕೊಟ್ಟರು. ರಾತ್ರಿ ಎಂಟಕ್ಕೆ ಕೂರಿಸಿದೆವು. ಮೊದಲ ಸಲ ಪರದೆ ಬರಲು ಕೊಂಚ ಹೊತ್ತು ಹಿಡಿಯಿತು. ಹೆದರಿ ಸ್ವಿಚ್ ಆರಿಸಬೇಡಿ, ಹೊಸದರ ಜೊತೆ ಹೊಂದಿಕೊಳ್ಳಲು ಅದಕ್ಕೂ ಸಮಯ ಬೇಕು. ಆಮೇಲೆ ಬೆಳಕು ಬಂತು. ಪುಟ್ಟಿ ನನ್ನನ್ನು ಅಪ್ಪಿಕೊಂಡಳು. ಎರಡು ರಾತ್ರಿ ನಿದ್ದೆಗೆಟ್ಟು ಭಾನುವಾರ ವಿಡಿಯೋ ತಲುಪಿಸಿದಳು.

ನಿಮ್ಮ ಮನೆಯಲ್ಲಿ ಹೀಗಾದರೆ ಈ ಐದು ಮಾತು ನೆನಪಿಡಿ. ಕೊಳ್ಳುವ ಮುಂಚೆ ಬೋರ್ಡಿನ ಪಟ್ಟಿ ನೋಡಿ. ಬಯೋಸನ್ನು ಹಳೆಯದು ಇರುವಾಗಲೇ ಬದಲಿಸಿ. ಹೆಸರಿನ ಕೊನೆಯ ಅಕ್ಷರವನ್ನೂ ಓದಿ. ಪರದೆ ಬರದಿದ್ದರೆ ಹಳೆಯದನ್ನು ವಾಪಸ್ ಹಾಕಿ ನೋಡದೆ ಯಾರಿಗೂ ದುಡ್ಡು ಎಣಿಸಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎಲ್ಲ ಒಟ್ಟಿಗೆ ಕೆದಕಿದರೆ ಸಾರಿಗೆ ಉಪ್ಪು ಯಾರು ಹಾಕಿದರೆಂದು ತಿಳಿಯದ ಹಾಗಾಗುತ್ತದೆ.

ಅಂದು ರೈಲಿನಲ್ಲಿ ಬರುವಾಗ ಮಗಳಿಗೆ ರೇಡಿಯೋ ಕಥೆ ಹೇಳಿದೆ. "ಮುಟ್ಬೇಡ ಅಂದಿದ್ದು ತಪ್ಪಾಯ್ತು ಕಣೇ" ಎಂದೆ. ಅವಳು ಕಿಟಕಿಯಾಚೆ ನೋಡುತ್ತಾ, "ನಾನು ನಿಜವಾಗ್ಲೂ ಬಿಟ್ಬಿಡೋಣ ಅಂದ್ಕೊಂಡಿದ್ದೆ ಅಮ್ಮ" ಎಂದಳು. ನನಗೆ ಮೈ ಜುಂ ಎಂದಿತು. ಬೋರ್ಡು ಸುಟ್ಟಿದ್ದರೆ 9,000ಕ್ಕೆ ಇನ್ನೊಂದು ಸಿಗುತ್ತಿತ್ತು. ಮಗಳ ಧೈರ್ಯ ಸುಟ್ಟಿದ್ದರೆ ಯಾವ ಅಂಗಡಿಯಲ್ಲಿ ತರಲಿ, ಹೇಳಿ?

ಮೊದಲ ಸಂಪಾದನೆಯಲ್ಲಿ ಪುಟ್ಟಿ ನನಗೊಂದು ಉಡುಗೊರೆ ತಂದಳು. ಓಲೆ ಅಂದುಕೊಂಡಿರಾ? ಅಲ್ಲ, ಆರು ತುದಿಗಳ ಒಂದು ಸ್ಕ್ರೂಡ್ರೈವರ್ ಸೆಟ್ಟು. ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದೇನೆ. ಕಳೆದ ವಾರ ಮಿಕ್ಸಿಯನ್ನು ನಾನೇ ಬಿಚ್ಚಿದೆ!