ಮುದುಕರ ಕೆಲಸಕ್ಕೆ ಇಷ್ಟು ಓದಬೇಕೆ?

2025ರ ದೀಪಾವಳಿ ಕಳೆದು ನಾಲ್ಕೈದು ದಿನಗಳಾಗಿದ್ದವು. ಊಟ ಮುಗಿಸಿ ಜಗಲಿಯಲ್ಲಿ ಕುಳಿತು ಪತ್ರಿಕೆಯ ಅಡಿಕೆ ಧಾರಣೆಯ ಮೇಲೆ ಕಣ್ಣಾಡಿಸುತ್ತಿದ್ದಾಗ ಅಂಗಳಕ್ಕೆ ಸ್ಕೂಟರೊಂದು ಬಂದು ನಿಂತಿತು. ಇಳಿದವರು ತಾಯಿ ಮತ್ತು ಮಗಳು. ತಾಯಿಯನ್ನು ಗುರುತಿಸಲು ನನಗೆ ಕ್ಷಣಕಾಲ ಬೇಕಾಯಿತು. 1994ರಲ್ಲಿ ನಮ್ಮ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವಳು. ಈಗ ಬೆಳ್ತಂಗಡಿ ಕಡೆಯ ಸೊಸೆ. ಮಗಳು ಮೂಡುಬಿದಿರೆಯಲ್ಲಿ ನಾಲ್ಕೂವರೆ ವರ್ಷ ಫಿಸಿಯೋಥೆರಪಿ ಓದಿ, ಇಂಟರ್ನ್‌ಶಿಪ್ ಮುಗಿಸಿ ಮನೆಗೆ ಬಂದಿದ್ದಳು.

"ಮಾಸ್ಟ್ರೇ, ಇವಳಿಗೆ ನೀವೇ ಒಂದು ಮಾತು ಹೇಳಬೇಕು. ಮುದುಕರ ಆರೈಕೆಯಲ್ಲೇ ಮುಂದುವರಿಯುತ್ತೇನೆ ಎನ್ನುತ್ತಾಳೆ. ಅದಕ್ಕೆ ಇಷ್ಟು ಓದಬೇಕಿತ್ತೇ ಎಂದು ಇವಳ ಅಪ್ಪ ಕೇಳುತ್ತಾರೆ. ನಿಮ್ಮ ಮಾತಿನ ಮೇಲೆ ನಮಗೆ ನಂಬಿಕೆ" ಎಂದಳು ತಾಯಿ.

ಆ ಕೊನೆಯ ವಾಕ್ಯ ನನ್ನನ್ನು ಚುಚ್ಚಿತು. ಅವಳು ಮರೆತಿದ್ದಳೋ, ಮರೆತಂತೆ ನಟಿಸಿದಳೋ ತಿಳಿಯದು, ನಾನಂತೂ ಮರೆತಿರಲಿಲ್ಲ. ಮೂವತ್ತೊಂದು ವರ್ಷಗಳ ಹಿಂದೆ ಅವಳ ತಂದೆ ಇದೇ ಜಗಲಿಯಲ್ಲಿ ಕುಳಿತು, ಮಗಳು ಮಂಗಳೂರಿಗೆ ಹೋಗಿ ನರ್ಸಿಂಗ್ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ, ಏನು ಮಾಡಲಿ ಎಂದು ಕೇಳಿದ್ದರು. ಮನೆಯಲ್ಲಿ ಎಲ್ಲರೂ ಬೀಡಿ ಕಟ್ಟಿ ಕೂಡಿಟ್ಟ ಹಣ; ಎಲ್ಲಿ ಹಾಕುವುದೆಂಬ ಆತಂಕ ಅವರದು. ನಾನು ಒಂದು ನಿಮಿಷವೂ ಯೋಚಿಸದೆ, "ಕಂಡಕಂಡವರ ಮಲಮೂತ್ರ ಬಳಿಯುವ ಕೆಲಸ ಅದು. ಬುದ್ಧಿವಂತ ಹುಡುಗಿ, ಬಿ.ಎ., ಬಿ.ಎಡ್. ಮಾಡಿಸಿ. ನನ್ನ ಹಾಗೆ ಟೀಚರ್ ಆಗುತ್ತಾಳೆ" ಎಂದುಬಿಟ್ಟೆ. ಅವರು ಹಾಗೆಯೇ ಮಾಡಿದರು. ಸರಕಾರಿ ನೇಮಕಾತಿ ಅವಳಿಗೆ ಒದಗಲಿಲ್ಲ. ಖಾಸಗಿ ಶಾಲೆಯೊಂದರಲ್ಲಿ ಎಂಟು ವರ್ಷ, ಬಸ್ಸಿನ ಖರ್ಚು ಕಳೆದರೆ ಏನೂ ಉಳಿಯದ ಸಂಬಳಕ್ಕೆ ದುಡಿದು ಕೊನೆಗೆ ಬಿಟ್ಟಳು. ಅವಳೊಡನೆ ಓದಿ ನರ್ಸಿಂಗಿಗೆ ಹೋದ ಇನ್ನೊಬ್ಬಳು ಇಂದು ಕುವೈತಿನಲ್ಲಿದ್ದಾಳೆ. ಎರಡು ತಂಗಿಯರ ಮದುವೆಯನ್ನು ತಾನೇ ಮಾಡಿಸಿದಳು.

ಆದ್ದರಿಂದ ಈ ಬಾರಿ ನಾನು ತಕ್ಷಣ ಉತ್ತರಿಸಲಿಲ್ಲ. "ಹದಿನೈದು ದಿನ ಬಿಟ್ಟು ಬನ್ನಿ, ವಿಚಾರಿಸಿ ಹೇಳುತ್ತೇನೆ" ಎಂದೆ. ವಿಚಾರಿಸಲು ನನಗೆ ಬೇರೊಂದು ಕಾರಣವೂ ಇತ್ತು. ಅದನ್ನು ಈ ಪುಟದಲ್ಲಿ ಈವರೆಗೆ ಬರೆದಿರಲಿಲ್ಲ.

ನಾನು ನಿವೃತ್ತನಾದದ್ದು 2018ರ ಮೇ ತಿಂಗಳಲ್ಲಿ. ಆ ವರ್ಷದ ಆಟಿಯ ಮಳೆ ನಿಮಗೆ ನೆನಪಿರಬಹುದು, ಕೊಡಗಿನ ಗುಡ್ಡಗಳು ಕುಸಿದ ವರ್ಷ. ನಮ್ಮ ಅಂಗಳದಲ್ಲಿ ಪ್ರತಿ ಮಳೆಗಾಲಕ್ಕೂ ಪಾಚಿಯ ಮೇಲೆ ಜಾರದಂತೆ ಅಡಿಕೆ ಮರದ ಸೀಳುಗಳನ್ನು ಹಾಸುವುದು ರೂಢಿ. ನಿವೃತ್ತಿಯ ಸನ್ಮಾನ ಸಮಾರಂಭಗಳ ಗಡಿಬಿಡಿಯಲ್ಲಿ ಆ ವರ್ಷ ಹಾಸಿರಲಿಲ್ಲ. ಎಂಬತ್ತಾರರ ಅಮ್ಮ ತುಳಸಿಕಟ್ಟೆಗೆ ನೀರೆರೆಯಲು ಹೋಗಿ ಜಾರಿದರು. ಸೊಂಟದ ಮೂಳೆ ಮುರಿಯಿತು.

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಏಳನೆಯ ದಿನ ಕಳುಹಿಸಿದರು. ಬಿಡುಗಡೆಯ ಚೀಟಿಯ ಕೊನೆಯ ಸಾಲಿನಲ್ಲಿ 'ಫಿಸಿಯೋಥೆರಪಿ ಮುಂದುವರಿಸುವುದು' ಎಂದಿತ್ತು. ಬಿ.ಸಿ.ರೋಡಿನಿಂದ ಹನ್ನೊಂದು ಕಿಲೋಮೀಟರ್ ಒಳಗಿರುವ ನಮ್ಮ ಮನೆಯಲ್ಲಿ ಅದನ್ನು ಮುಂದುವರಿಸುವವರು ಯಾರು? ನಾವು ನಮ್ಮ ಬುದ್ಧಿಗೆ ತೋಚಿದ್ದನ್ನು ಮಾಡಿದೆವು. ಪ್ರಾಯದವರು, ನೋವು ತಿಂದಿದ್ದಾರೆ, ಮಲಗಿರಲಿ ಎಂದು ಮಲಗಿಸಿದೆವು. ಗಂಜಿಯನ್ನೂ ಮಲಗಿದಲ್ಲಿಗೇ ಕೊಟ್ಟೆವು. ಬಂದ ನೆಂಟರೆಲ್ಲ ನಮ್ಮ ಮಾತೃಭಕ್ತಿಯನ್ನು ಹೊಗಳಿದರು. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾದವರನ್ನು ಸಾಧ್ಯವಾದರೆ ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಪದ್ಧತಿಯೆಂದೂ, ಮುಪ್ಪಿನಲ್ಲಿ ಹಾಸಿಗೆ ಹಿಡಿದವರ ಸ್ನಾಯುಗಳು ದಿನದಿನಕ್ಕೆ ಕರಗುವುದೆಂದೂ ನನಗೆ ತಿಳಿದದ್ದು ಬಹಳ ತಡವಾಗಿ.

ಮೂರನೆಯ ತಿಂಗಳಿಗೆ ಬೆನ್ನ ಕೆಳಗೆ ಹುಣ್ಣಾಯಿತು. ಏಜೆನ್ಸಿಯೊಂದರ ಮೂಲಕ ಹೋಂ ನರ್ಸ್ ಒಬ್ಬಳನ್ನು ಕರೆಸಿದೆವು. ಹತ್ತೊಂಬತ್ತರ ಹುಡುಗಿ, ಘಟ್ಟದ ಮೇಲಿನವಳು. ಯಾರೂ ಅವಳಿಗೆ ಏನನ್ನೂ ಕಲಿಸಿ ಕಳುಹಿಸಿರಲಿಲ್ಲ. ಮೊದಲ ದಿನ ಹುಣ್ಣನ್ನು ಕಂಡು ಅವಳು ಹಿತ್ತಿಲಿನಲ್ಲಿ ನಿಂತು ಅತ್ತಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬ ಸರಳ ಸಂಗತಿಯನ್ನು ನಮಗಿಬ್ಬರಿಗೂ ಹೇಳಿಕೊಟ್ಟವರು ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ಸಹಾಯಕಿ. ಅಮ್ಮ ಮಾತ್ರ, "ನನ್ನನ್ನು ಒಮ್ಮೆ ಅಂಗಳಕ್ಕೆ ಇಳಿಸಿ" ಎನ್ನುತ್ತಲೇ ಇದ್ದರು. ನಾಳೆ, ನಾಳೆ ಎನ್ನುತ್ತಿದ್ದೆ. 2019ರ ಅಕ್ಟೋಬರಿನಲ್ಲಿ ಅವರನ್ನು ಅಂಗಳಕ್ಕೆ ಇಳಿಸಿದೆವು, ನಾಲ್ವರು ಸೇರಿ.

ಇರಲಿ. ವಿಚಾರಿಸಿ ತಿಳಿದದ್ದನ್ನು ಹೇಳುತ್ತೇನೆ. ನಿಮ್ಮಲ್ಲಿಯೂ ಮಕ್ಕಳನ್ನು ಆರೋಗ್ಯ ಕ್ಷೇತ್ರಕ್ಕೆ ಸೇರಿಸಿದವರು ಹಲವರಿದ್ದೀರಿ.

ಈ ವಿದ್ಯೆಗೆ ಜೆರೊಂಟಾಲಜಿ ಎಂಬ ಹೆಸರನ್ನು 1903ರಲ್ಲಿ ಬಳಕೆಗೆ ತಂದವರು ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್. ಗ್ರೀಕಿನಲ್ಲಿ 'ಗೆರಾನ್' ಎಂದರೆ ಮುದುಕ. ನಮ್ಮ 'ಜರಾ' ಶಬ್ದವೂ ಅದೂ ಒಂದೇ ಬೇರಿನವು ಎಂಬುದನ್ನು ಕನ್ನಡ ಮಾಸ್ಟರನಾಗಿ ಹೇಳದೆ ಬಿಡಲಾರೆ. ಆಯುರ್ವೇದದ ಎಂಟು ಅಂಗಗಳಲ್ಲಿ ಜರಾಚಿಕಿತ್ಸೆಯೂ ಒಂದು. ಆದರೆ ಮುದುಕರ ವೈದ್ಯ ಒಂದು ಪ್ರತ್ಯೇಕ ವೃತ್ತಿಯಾಗಿ ಬೆಳೆದದ್ದರಲ್ಲಿ ಇಂಗ್ಲೆಂಡಿನ ಮಾರ್ಜರಿ ವಾರೆನ್ ಎಂಬ ವೈದ್ಯೆಯ ಪಾಲು ದೊಡ್ಡದು. 1935ರಲ್ಲಿ ಬಡವರ ಆಶ್ರಯಗೃಹದ ಆಸ್ಪತ್ರೆಯೊಂದು ಅವರ ವಶಕ್ಕೆ ಬಂದಿತು. ಅಲ್ಲಿ ಏಳುನೂರಕ್ಕೂ ಹೆಚ್ಚು ಮಂದಿ ವರ್ಷಗಟ್ಟಲೆಯಿಂದ ಸುಮ್ಮನೆ ಮಲಗಿದ್ದರು. ಆಕೆ ಒಬ್ಬೊಬ್ಬರನ್ನೂ ಪರೀಕ್ಷಿಸಿ, ಎಬ್ಬಿಸಬಹುದಾದವರನ್ನು ಎಬ್ಬಿಸಿ, ವ್ಯಾಯಾಮ ಮಾಡಿಸಿ, ಅನೇಕರನ್ನು ಮನೆಗೆ ಕಳುಹಿಸಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಭಾರತದಲ್ಲಿ ವೃದ್ಧರ ವೈದ್ಯಕ್ಕೆ ಎಂ.ಡಿ. ಪದವಿಯನ್ನು ಮೊದಲು ಆರಂಭಿಸಿದ್ದು ಮದ್ರಾಸ್ ಮೆಡಿಕಲ್ ಕಾಲೇಜು, 1996ರಲ್ಲಿ. ಅದು ಎಂ.ಬಿ.ಬಿ.ಎಸ್. ಆದವರ ಮಾತು. ಉಳಿದವರಿಗೂ ಹಲವು ದಾರಿಗಳಿವೆ. ನರ್ಸಿಂಗ್, ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಓದಿದವರಿಗೆ ಮೈಯ ಕೆಲಸ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗೆ ಮಾತು ಕಲಿಸುವ ವಿದ್ಯೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದಲೂ ಇದೆ. ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಮಾಡಬೇಕೆಂದರೆ ಮಂಗಳೂರಿನಲ್ಲಿ 1960ರಲ್ಲಿ ಆರಂಭವಾದ ರೋಶನಿ ನಿಲಯವಿದೆ, ನಮ್ಮ ಉಜಿರೆಯಲ್ಲಿಯೂ ಅವಕಾಶವಿದೆ. ದಿಲ್ಲಿಯ ರಾಷ್ಟ್ರೀಯ ಸಮಾಜ ರಕ್ಷಣಾ ಸಂಸ್ಥೆ ವೃದ್ಧರ ಆರೈಕೆಯಲ್ಲಿಯೇ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾವನ್ನು ರೂಪಿಸಿದೆ. ಮಕ್ಕಳಿಂದ ಪರಿತ್ಯಕ್ತರಾದ ಹೆತ್ತವರಿಗಾಗಿ 2007ರಲ್ಲಿ ಬಂದ ಕಾಯ್ದೆಯ ನ್ಯಾಯಮಂಡಳಿ ನಮ್ಮಲ್ಲಿ ಸಹಾಯಕ ಕಮಿಷನರ್ ಬಳಿ ಇದೆ: ಬಂಟ್ವಾಳ, ಮೂಡುಬಿದಿರೆಯವರಿಗೆ ಮಂಗಳೂರು, ಬೆಳ್ತಂಗಡಿಯವರಿಗೆ ಪುತ್ತೂರು. ಮಗ ಮತ್ತು ತಾಯಿಯ ನಡುವೆ ಕುಳಿತು ರಾಜಿ ಮಾಡಿಸಬಲ್ಲ ತರಬೇತಾದ ಸಮಾಜಕಾರ್ಯಕರ್ತರ ಅಗತ್ಯ ಅಲ್ಲಿ ಎಷ್ಟಿದೆಯೆಂಬುದನ್ನು ಒಂದು ದಿನ ಹೊರಗಿನ ಬೆಂಚಿನಲ್ಲಿ ಕುಳಿತರೆ ತಿಳಿಯುತ್ತದೆ.

ಬೆಂಗಳೂರಿನಲ್ಲಿ ಈ ಕ್ಷೇತ್ರ ಸಾಕಷ್ಟು ಬೆಳೆದಿದೆ. 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಯವರಿಗಾಗಿಯೇ ಕೇಂದ್ರಗಳನ್ನು ನಡೆಸುತ್ತದೆ. ನಗರ ಪೊಲೀಸರ ಜೊತೆಗೂಡಿ 2002ರಲ್ಲಿ ಹಿರಿಯರ ಸಹಾಯವಾಣಿಯನ್ನು ತೆರೆಯಿತು. ಕ್ಯಾನ್ಸರಿನ ಕೊನೆಯ ಹಂತದವರನ್ನು ನೋಡಿಕೊಳ್ಳುವ ಕರುಣಾಶ್ರಯವೂ ಅಲ್ಲಿಯೇ ಇದೆ. ಸರಕಾರದ ಕಡೆಯಿಂದ ವೃದ್ಧರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು 2010-11ರಲ್ಲಿ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳ ವಾರ್ಡು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಪುನಶ್ಚೇತನ ಕಾರ್ಯಕರ್ತರು, ಇವೆಲ್ಲ ಅದರ ಯೋಜನೆಯಲ್ಲಿವೆ. ಯೋಜನೆಯ ಕಾಗದಕ್ಕೂ ಹನ್ನೊಂದು ಕಿಲೋಮೀಟರ್ ಒಳಗಿನ ಮನೆಗೂ ಇರುವ ದೂರವನ್ನು ನಾನು ಕಂಡವನು, ಆದುದರಿಂದ ಹೆಚ್ಚು ಹೇಳಲಾರೆ.

ಆದರೆ ಗಡಿಯಾಚೆಗೆ ಹೋಗಿ ನೋಡಿದ್ದೇನೆ. ಕಾಸರಗೋಡು ಜಿಲ್ಲೆಯಲ್ಲಿ ನನ್ನ ಸೋದರತ್ತೆಯ ಮನೆ ಇದೆ. ಅಲ್ಲಿಗೆ ಪಂಚಾಯತಿನ ವಾಹನದಲ್ಲಿ ತಿಂಗಳು ತಿಂಗಳೂ ನರ್ಸ್ ಬರುತ್ತಾರೆ. ಹುಣ್ಣು ತೊಳೆದು, ಕೊಳವೆ ಬದಲಿಸಿ, ಸೊಸೆಗೆ ಎರಡು ಮಾತು ಹೇಳಿ ಹೋಗುತ್ತಾರೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತವರ ಸಂಗಡಿಗರು ಆರಂಭಿಸಿದ ಕೆಲಸ ಹಬ್ಬಿ, 2008ರಲ್ಲಿ ಕೇರಳ ಸರಕಾರವೇ ಉಪಶಾಮಕ ಆರೈಕೆಗೆ ನೀತಿಯನ್ನು ರೂಪಿಸಿದ ಫಲ ಅದು. ಸಾರಡ್ಕದ ಗಡಿಗೇಟಿನ ಆ ಬದಿಯಲ್ಲಿ ಇರುವುದು ಈ ಬದಿಯಲ್ಲಿ ಏಕೆ ಇಲ್ಲ? 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರುವತ್ತು ದಾಟಿದವರು ಶೇಕಡಾ 8.6, ನಮ್ಮ ರಾಜ್ಯದಲ್ಲಿ 9.5. ಮುದುಕರು ನಮ್ಮಲ್ಲಿಯೂ ಕಡಿಮೆಯಿಲ್ಲ.

ಇನ್ನೊಂದು ವಿಚಿತ್ರವನ್ನು ಆ ಹುಡುಗಿಯೇ ನನ್ನ ಗಮನಕ್ಕೆ ತಂದಳು. ಹದಿನೈದು ದಿನ ಬಿಟ್ಟು ಬಂದಾಗ ಅವಳು ಹೇಳಿದ ಮಾತು: "ಸರ್, ನನ್ನ ಸೋದರಮಾವ ಇಸ್ರೇಲಿನಲ್ಲಿ ಮಾಡುತ್ತಿರುವುದು ಇದೇ ಕೆಲಸ. ಅವರು ಅಲ್ಲಿಂದ ಕಳಿಸಿದ ಹಣದಲ್ಲಿ ತಾರಸಿ ಮನೆ ಕಟ್ಟಿದಾಗ ಯಾರೂ ಮುದುಕರ ಕೆಲಸ ಎನ್ನಲಿಲ್ಲ."

ಮೂಡುಬಿದಿರೆಯಿಂದ ಕುಂದಾಪುರದವರೆಗೆ ನಮ್ಮ ಕರಾವಳಿಯ ಸಾವಿರಾರು ಮಂದಿ ಆ ದೇಶದಲ್ಲಿ ವೃದ್ಧರನ್ನು ನೋಡಿಕೊಳ್ಳುತ್ತಿದ್ದಾರೆಂಬುದು 2023ರ ಅಕ್ಟೋಬರಿನಲ್ಲಿ ಯುದ್ಧ ಆರಂಭವಾದಾಗ ಪತ್ರಿಕೆಗಳಿಂದ ಎಲ್ಲರಿಗೂ ತಿಳಿಯಿತು. ಅಲ್ಲಿ 1988ರಿಂದಲೇ ವೃದ್ಧರ ಮನೆಯಾರೈಕೆಗೆ ಸರಕಾರದ ವಿಮೆ ಇದೆ; ಸಂಬಳದ ಒಂದು ಪಾಲು ಅದರಿಂದ ಬರುತ್ತದೆ. ಹುಡುಗಿಯ ಮಾವ ಆ ದಿನಗಳಲ್ಲಿ ಸೈರನ್ ಕೂಗಿದಾಗಲೆಲ್ಲ ತೊಂಬತ್ತರ ಅಜ್ಜನನ್ನು ಗಾಲಿಕುರ್ಚಿಯಲ್ಲಿ ಕುಳ್ಳಿರಿಸಿ ಆಶ್ರಯದ ಕೋಣೆಗೆ ದೂಡಿಕೊಂಡು ಹೋಗುತ್ತಿದ್ದರಂತೆ. ಅದೇ ಹೊತ್ತಿನಲ್ಲಿ ಅವರ ಸ್ವಂತ ತಾಯಿ ಬೆಳ್ತಂಗಡಿಯ ಮನೆಯಲ್ಲಿ ಪಕ್ಕದ ಮನೆಯ ಹೆಂಗಸಿನ ಕೈಯಿಂದ ಗಂಜಿ ಕುಡಿಯುತ್ತಿದ್ದರು. ಜರ್ಮನಿ, ಜಪಾನಿನಂತಹ ದೇಶಗಳೂ ನಮ್ಮ ಯುವಕರನ್ನು ಈ ಕೆಲಸಕ್ಕೆ ಕರೆಯುತ್ತಿವೆ. 2021ರ ಜನವರಿಯಲ್ಲಿ ಜಪಾನಿನೊಡನೆ ನಮ್ಮ ಸರಕಾರ ಮಾಡಿಕೊಂಡ ಒಪ್ಪಂದದಲ್ಲಿ ವೃದ್ಧರ ಆರೈಕೆಯ ಕೆಲಸವೂ ಸೇರಿದೆ.

ನಾನು ಹುಡುಗಿಗೆ ಏನು ಹೇಳಿದೆ? ಇಲ್ಲಿಯೇ ಇರು, ಸೇವೆ ಮಾಡು ಎಂದು ಹೇಳಲು ನನಗೆ ಅಧಿಕಾರವಿರಲಿಲ್ಲ. ಪಿಂಚಣಿ ಪಡೆಯುವವನಿಗೆ ಅಂತಹ ಮಾತು ಸುಲಭ. ಮೊದಲು ಎರಡು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಕೈ ಪಳಗಿಸಿಕೋ ಎಂದೆ. ಸಾಧ್ಯವಾದರೆ ಸ್ನಾತಕೋತ್ತರ ಪದವಿಯಲ್ಲಿ ನರಗಳ ವಿಭಾಗವನ್ನೋ ಸಮುದಾಯ ವಿಭಾಗವನ್ನೋ ಆರಿಸಿಕೋ ಎಂದೆ. ವಿದೇಶಕ್ಕೆ ಕಳುಹಿಸುತ್ತೇನೆಂದು ಮುಂಗಡ ಕೇಳುವ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡ ಎಂದೂ ಹೇಳಿದೆ. ಬಳಿಕ ಅವಳ ತಾಯಿಯ ಕಡೆ ತಿರುಗಿ, "ನಿನ್ನ ಅಪ್ಪನಿಗೆ ನಾನು ಅಂದು ಹೇಳಿದ್ದು ತಪ್ಪು" ಎಂದೆ.

"ಅದೆಲ್ಲ ಹಳೆಯ ಮಾತು ಮಾಸ್ಟ್ರೇ" ಎಂದು ಅವಳು ನಕ್ಕು ಚಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಹುಡುಗಿ ಈಗ ಮಂಗಳೂರಿನ ಆಸ್ಪತ್ರೆಯೊಂದರಲ್ಲಿದ್ದಾಳೆ. ರಜೆಯ ದಿನ ಊರಿಗೆ ಬಂದಾಗ ಸ್ಕೂಟರಿನಲ್ಲಿ ಮೂರು ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನು ಎಬ್ಬಿಸಿ ಕೂರಿಸುತ್ತಾಳೆ. ಒಂದು ಸಲಕ್ಕೆ ನಾನೂರು ರೂಪಾಯಿ. ಒಂದು ಮನೆಯವರು, ಕೈಕಾಲು ಆಡಿಸಿ ಹೋಗುವುದಕ್ಕೆ ಇಷ್ಟೇ ಎಂದು ಚೌಕಾಸಿ ಮಾಡಿದರಂತೆ. ಇನ್ನೊಂದು ಮನೆ ನಮ್ಮ ನೆರೆಯದೇ. ಅಲ್ಲಿನ ಅಜ್ಜ ಪಾರ್ಶ್ವವಾಯುವಾಗಿ ಐದು ತಿಂಗಳು ಮಲಗಿದ್ದವರು, ಕಳೆದ ಭಾನುವಾರ ವಾಕರ್ ಹಿಡಿದು ಅಂಗಳದ ಅಂಚಿನವರೆಗೆ ಬಂದು ನನ್ನನ್ನು ಕೂಗಿ ಕರೆದರು. ಹುಡುಗಿ ಅವರ ಹಿಂದೆ ಒಂದು ಗೇಣು ದೂರದಲ್ಲಿ ಕೈಚಾಚಿ ನಿಂತಿದ್ದಳು, ಮುಟ್ಟದೆ. ಹೆಗಲ ಚೀಲದಲ್ಲಿ ಜರ್ಮನ್ ಭಾಷೆಯ ಪುಸ್ತಕವೂ ಇತ್ತು. ಮುಂದಿನ ತಿಂಗಳು ಪರೀಕ್ಷೆ ಎಂದಳು.