ಕಂಪ್ಯೂಟರ್ ಇಲ್ಲದೆ ಐದು ಹಾಡುಗಳು



ಆಗಸ್ಟ್ 30 ಬಂತೆಂದರೆ ನಮ್ಮ ಕಾಸರಗೋಡಿನ ಇಗರ್ಜಿಗಳಲ್ಲಿ ಹೂವಿನ ಪರಿಮಳ. ಮೊಂತಿ ಹಬ್ಬದ ನೊವೆನಾ ಶುರುವಾಗಿ, ಸೆಪ್ಟೆಂಬರ್ 8ರವರೆಗೂ ಮಕ್ಕಳು ದಿನಾಲೂ ಬುಟ್ಟಿಯಲ್ಲಿ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಆದರೆ ಹಾಸಿಗೆ ಹಿಡಿದವರಿಗೆ ಈ ಹಾಡು, ಈ ಹೂ ಎಲ್ಲಿ? ಹೋದ ವರ್ಷ ಯುವಜನರ ಕೂಟದಲ್ಲಿ ಈ ಮಾತು ಬಂತು. ಐದು ಹಾಡುಗಳನ್ನು ನಾವೇ ಮನೆಯಲ್ಲಿ ರೆಕಾರ್ಡ್ ಮಾಡಿ, ಮೆಮೊರಿ ಕಾರ್ಡಿಗೆ ಹಾಕಿ, ರೋಗಿಗಳ ಮನೆಗಳಿಗೆ ಕೊಡೋಣ ಎಂದು ನಿರ್ಧರಿಸಿದೆವು.

ನಮ್ಮಲ್ಲೊಬ್ಬನ ಹಳೆಯ ಲ್ಯಾಪ್‌ಟಾಪ್‌ನಿಂದ ಕೆಲಸ ಆರಂಭಿಸಿದೆವು. ಮೂರು ಸಂಜೆ ಹೋದವೇ ಹೊರತು ಒಂದು ಹಾಡೂ ಮುಗಿಯಲಿಲ್ಲ. ಹಾಡಿದ ಸ್ವರ ಹೆಡ್‌ಫೋನಿಗೆ ಅರೆಕ್ಷಣ ತಡವಾಗಿ ಬರುತ್ತಿತ್ತು, ಹಾಡುವವನಿಗೆ ತಾಳ ತಪ್ಪುತ್ತಿತ್ತು. ಫ್ಯಾನಿನ ಸದ್ದು ಮೈಕಿನೊಳಗೆ ಬೀಳುತ್ತಿತ್ತು. ಮಳೆಗಾಲದ ಕರೆಂಟು ಗೊತ್ತಲ್ಲ, ಹೋದಾಗ ಸೇವ್ ಮಾಡದಿದ್ದದ್ದೂ ಜೊತೆಗೇ ಹೋಯಿತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಯಾರಾದರೂ ತಪ್ಪಿದರೆ "ಇರಲಿ, ಆಮೇಲೆ ಸರಿ ಮಾಡುವಾ" ಎನ್ನುವುದು ನಮಗೆ ಅಭ್ಯಾಸವಾಗಿಬಿಟ್ಟಿತು. ಸರಿ ಮಾಡುವುದಕ್ಕೆ ಕುಳಿತವನು ರಾತ್ರಿ ಹನ್ನೆರಡಾದರೂ ಏಳುತ್ತಿರಲಿಲ್ಲ.

ಆಗ ಗಲ್ಫ್‌ನಿಂದ ರಜೆಗೆ ಬಂದಿದ್ದ ನಮ್ಮ ಒಬ್ಬ ಅಣ್ಣ ತನ್ನ ಪುಟ್ಟ ಮಲ್ಟಿಟ್ರ್ಯಾಕ್ ರೆಕಾರ್ಡರ್ ಕೊಟ್ಟ. ಒಂದು ಪುಸ್ತಕದಷ್ಟೇ ದೊಡ್ಡದು. ಅದರಲ್ಲೇ ಎರಡು ಮೈಕು, ಎಂಟು ಟ್ರ್ಯಾಕು, ಒಂದು ಮೆಮೊರಿ ಕಾರ್ಡು. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಕರೆಂಟಿನ ಹಂಗಿಲ್ಲ. ಕೆಂಪು ಬಟನ್ ಒತ್ತು, ಹಾಡು. ಅಷ್ಟೇ.

ಇದು ಹೊಸ ವಿಷಯವೇನೂ ಅಲ್ಲ. ಫಿಲಿಪ್ಸ್ ಕಂಪನಿ ಪುಟ್ಟ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ. ಆಮೇಲೆ ನಮ್ಮೂರಿನಿಂದ ಗಲ್ಫಿಗೆ ಹೋದವರು ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳುಹಿಸುತ್ತಿದ್ದ ಕಾಲವೊಂದಿತ್ತು. 1979ರಲ್ಲಿ ಟಾಸ್ಕ್ಯಾಮ್ ಕಂಪನಿ ಅದೇ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಬೇರೆ ಬೇರೆಯಾಗಿ ಹಿಡಿಯುವ ಪೋರ್ಟಾಸ್ಟುಡಿಯೋ ತಂದಿತು. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಮನೆಯಲ್ಲೇ ಅಂಥ ಯಂತ್ರದ ಮುಂದೆ ಕುಳಿತು 'ನೆಬ್ರಾಸ್ಕಾ' ಆಲ್ಬಮ್ಮಿನ ಹಾಡುಗಳನ್ನು ಹಾಡಿದ. ನಂತರ ಸ್ಟುಡಿಯೋದಲ್ಲಿ ವಾದ್ಯತಂಡದೊಂದಿಗೆ ಮತ್ತೆ ಹಾಡಿ ನೋಡಿದರೂ ಮನಸ್ಸಿಗೆ ಹಿಡಿಸಲಿಲ್ಲ. ಕೊನೆಗೆ ಹೊರಬಂದದ್ದು ಮನೆಯ ಕ್ಯಾಸೆಟ್ಟಿನ ಹಾಡುಗಳೇ.

ನಮ್ಮ ಸ್ಟುಡಿಯೋ ಅಂದರೆ ಒಂದು ಮನೆಯ ಒಳಕೋಣೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಹಂಚಿನ ಮೇಲೆ ಮಳೆ ಬಿದ್ದರೆ ಕೆಲಸ ನಿಲ್ಲಬೇಕು. ಹಾಗಾಗಿ ಮಳೆ ಬಿಟ್ಟ ಹೊತ್ತು ನೋಡಿ ಓಡಿ ಬರುತ್ತಿದ್ದೆವು. ಸ್ವರ ಗೋಡೆಗೆ ತಾಗಿ ಮರಳದಂತೆ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟೆವು. ಫ್ಯಾನು, ಫ್ರಿಜ್ಜು ಎರಡೂ ಬಂದ್. ಮನೆಯ ಅಮ್ಮ "ಮೀನು ಹಾಳಾದರೆ ನೀವೇ ಹೊಣೆ" ಎಂದು ನಕ್ಕರು.

ನೀವೂ ಮಾಡುವುದಾದರೆ ಕೆಲವು ವಿಷಯ ನೆನಪಿರಲಿ. ಒಬ್ಬರೇ ಹಾಡುವಾಗ ಮೈಕು ಬಾಯಿಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿರಲಿ. ನೇರ ಇದ್ದರೆ 'ಪ', 'ಭ' ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ಮೊದಲು ಅತಿ ಗಟ್ಟಿಯಾಗಿ ಹಾಡುವ ಸಾಲನ್ನು ಹಾಡಿಸಿ, ಆಗಲೂ ಕೆಂಪು ದೀಪ ಹತ್ತದಷ್ಟಕ್ಕೆ ಮಟ್ಟ ಇಳಿಸಿ. ಕಡಿಮೆಯಾದ ಸ್ವರವನ್ನು ಆಮೇಲೆ ಏರಿಸಬಹುದು, ಒಡೆದ ಸ್ವರವನ್ನು ಜೋಡಿಸಲು ಆಗದು. ಮೊದಲ ಟ್ರ್ಯಾಕಿನಲ್ಲಿ ಗಿಟಾರ್ ಹಿಡಿದು, ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಮುಂದಿನ ಟ್ರ್ಯಾಕುಗಳಲ್ಲಿ ಸ್ವರ ಸೇರಿಸುತ್ತಾ ಹೋಗಬೇಕು. ಸಿ.ಡಿ. ಗುಣಮಟ್ಟದಲ್ಲಿ ಸ್ಟೀರಿಯೋ ಹಾಡಿನ ಒಂದು ನಿಮಿಷಕ್ಕೆ ಸುಮಾರು 10 ಎಂ.ಬಿ. ಬೇಕು. ಮುಗಿದ ಕೂಡಲೇ ಇನ್ನೊಂದು ಪ್ರತಿ ಮಾಡಿಡಿ.

ಎಂಟೇ ಟ್ರ್ಯಾಕು, ಚಿಕ್ಕ ಪರದೆ. ಅದರಲ್ಲಿ ಒಂದೊಂದು ಅಕ್ಷರ ಕತ್ತರಿಸಿ ಅಂಟಿಸುತ್ತಾ ಕೂರುವುದು ನಮ್ಮಿಂದಾಗುವ ಕೆಲಸವಲ್ಲ. ತಪ್ಪಿದರೆ ಮೊದಲಿನಿಂದ ಹಾಡಬೇಕು. ಹಾಗಾಗಿ ಬಟನ್ ಒತ್ತುವ ಮೊದಲು ನಾವು ಅಭ್ಯಾಸ ಮಾಡತೊಡಗಿದೆವು. ಅದುವರೆಗೆ ನಿಜವಾಗಿ ಅಭ್ಯಾಸವನ್ನೇ ಮಾಡಿರಲಿಲ್ಲ ಎಂಬುದು ಆಗ ಗೊತ್ತಾಯಿತು. ವಾರದೊಳಗೆ ನಾಲ್ಕು ಹಾಡು ಮುಗಿದವು.

ಐದನೆಯದು ಮಾತೆಯ ಒಂದು ಹಳೆಯ ಕನ್ನಡ ಹಾಡು. ಅದಕ್ಕೆ ಎರಡನೇ ಸ್ವರವೊಂದು ಇತ್ತೆಂದು ದೊಡ್ಡವರು ಹೇಳುತ್ತಿದ್ದರು. ನಮ್ಮ ಪುಸ್ತಕದಲ್ಲಿ ಬರೀ ಸಾಲುಗಳು, ಸ್ವರಲಿಪಿ ಇಲ್ಲ. ಅದು ಗೊತ್ತಿದ್ದದ್ದು ನಮ್ಮ ವಾಳೆಯ ಒಬ್ಬ ಅಜ್ಜಿಗೆ ಮಾತ್ರ. ಕ್ಯಾಸೆಟ್ ಬಂದ ಅದೇ 1963ರ ಡಿಸೆಂಬರಿನಲ್ಲಿ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಲ್ಯಾಟಿನ್ ಹಿಂದೆ ಸರಿದು ಕೊಂಕಣಿ, ಕನ್ನಡ ಹಾಡುಗಳು ಬಂದ ಕಾಲದಲ್ಲಿ ಅಜ್ಜಿ ಗಾಯನ ಮಂಡಳಿಗೆ ಸೇರಿದವರು. ಈಗ ಹಾಸಿಗೆಯಲ್ಲೇ ಇದ್ದರು, ನಾಲ್ಕು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು. ನಾವು ಹಾಡು ಕೊಡಬೇಕೆಂದಿದ್ದ ರೋಗಿಗಳಲ್ಲಿ ಅವರೂ ಒಬ್ಬರು.

ರೆಕಾರ್ಡರನ್ನು ಕೈಚೀಲದಲ್ಲಿ ಹಾಕಿ ತೋಟದ ದಾರಿಯಲ್ಲಿ ನಡೆದೆವು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಇಟ್ಟು, ನಾವು ಮೊದಲೇ ಹಾಡಿದ್ದನ್ನು ಕೇಳಿಸಲು ಅಜ್ಜಿಗೆ ಹೆಡ್‌ಫೋನ್ ಕೊಟ್ಟೆವು. ಅವರು ಅರ್ಧ ನಿಮಿಷ ಕೇಳಿ ತೆಗೆದಿಟ್ಟರು.

"ಇದೆಂತ ಮಕ್ಕಳೇ? ನೀವು ಇಲ್ಲೇ ಉಂಟಲ್ಲ. ನೀವು ಹಾಡಿ, ನಾನು ಸೇರ್ತೇನೆ."

ಬೇರೆ ಟ್ರ್ಯಾಕಿನ ಲೆಕ್ಕಾಚಾರವೆಲ್ಲ ಅಲ್ಲಿಗೆ ಮುಗಿಯಿತು. ಮಂಚದ ಸುತ್ತ ನಿಂತು ಅವರ ಸ್ವರ ಮುಚ್ಚಿಹೋಗದಂತೆ ಮೆಲ್ಲಗೆ ಹಾಡಿದೆವು. ಮೊದಲ ಚರಣದಲ್ಲಿ ಅಜ್ಜಿ ಎರಡನೇ ಸ್ವರ ಹಿಡಿದರು. ತೆಳ್ಳಗಿನ ಸ್ವರ, ಆದರೆ ಎಲ್ಲೂ ಜಾರಲಿಲ್ಲ. ಎರಡನೇ ಚರಣದಲ್ಲಿ ಹೊರಗೆ ಕಾಗೆ ಕೂಗಿತು, ಯಾರೂ ನಿಲ್ಲಿಸಲಿಲ್ಲ. ಮೂರನೆಯದರಲ್ಲಿ ಅವರಿಗೆ ಉಸಿರು ಸಾಲಲಿಲ್ಲ. ಕೈಸನ್ನೆಯಲ್ಲೇ ಮುಂದುವರಿಸಿ ಎಂದರು. ಅಷ್ಟರಲ್ಲಿ ನಮ್ಮಲ್ಲಿ ಇಬ್ಬರು ಹುಡುಗಿಯರಿಗೆ ಆ ಸ್ವರ ಕಿವಿಗೆ ಕೂತಿತ್ತು. ಮೂರನೇ ಚರಣದ ಎರಡನೇ ಸ್ವರವನ್ನು ಅವರೇ ಹಾಡಿದರು. ಅಜ್ಜಿ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದರು.

ಮನೆಗೆ ಬಂದು ಕೇಳಿದಾಗ ಕಾಗೆ ಇದೆ, ಮಂಚದ ಕಿರಗುಟ್ಟು ಇದೆ, ಒಬ್ಬನ ತಾಳ ಒಂದು ಕಡೆ ಅವಸರದಲ್ಲಿದೆ. ಎಲ್ಲ ಸ್ವರಗಳೂ ಒಟ್ಟಿಗೇ ಬಿದ್ದಿರುವುದರಿಂದ ಒಂದನ್ನೂ ಬೇರ್ಪಡಿಸಲು ಬರುವುದಿಲ್ಲ. ಇನ್ನೊಮ್ಮೆ ಹೋಗಿ ಹಾಡಿಸೋಣವೇ ಎಂದು ಯಾರೋ ಕೇಳಿದರು. ಬೇಡವೆಂದೆವು. ಅವರಲ್ಲಿ ಉಳಿದಿರುವ ಉಸಿರನ್ನು ನಮ್ಮ ಅಚ್ಚುಕಟ್ಟಿಗಾಗಿ ಕೇಳುವುದು ಸರಿಯಲ್ಲ ಎನಿಸಿತು.

ನೊವೆನಾದ ಮೊದಲ ದಿನ ಕಾರ್ಡುಗಳನ್ನು ಹಂಚಿದೆವು. ಹಬ್ಬದ ದಿನ ಹೊಸ ತೆನೆ ಹಿಡಿದು ಅಜ್ಜಿಯ ಮನೆಗೆ ಹೋದಾಗ ಅವರ ಮಗನ ಫೋನಿನಲ್ಲಿ ಅದೇ ಹಾಡು ಕೇಳುತ್ತಿತ್ತು. ನವೆಂಬರಿನಲ್ಲಿ, ಮೃತರ ಸ್ಮರಣೆಯ ತಿಂಗಳಲ್ಲೇ, ಅವರು ದೇವರ ಪಾದ ಸೇರಿದರು. ಅಂತಿಮ ಪೂಜೆಯಲ್ಲಿ ನಾವು ಆ ಹಾಡನ್ನು ಹಾಡಿದೆವು, ಮೂರು ಚರಣವೂ, ಎರಡು ಸ್ವರದಲ್ಲಿ.

ಕಂಪ್ಯೂಟರ್ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಒಳ್ಳೆಯ ಕಂಪ್ಯೂಟರ್ ಸಿಗಲಿ, ಆಮೇಲೆ ಹಾಡೋಣ ಎಂದು ಕಾದಿದ್ದರೆ ಮಾತ್ರ ಆ ಎರಡನೇ ಸ್ವರ ಇಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ನಿಮ್ಮ ವಾಳೆಯಲ್ಲೂ ಇಂಥ ಒಬ್ಬರು ಇರಬಹುದು. ರೆಕಾರ್ಡರ್ ಸಿಗದಿದ್ದರೆ ಮೊಬೈಲ್ ಸಾಕು. ಈ ಭಾನುವಾರ ಪೂಜೆ ಮುಗಿಸಿ ಅವರ ಮನೆಗೊಮ್ಮೆ ಹೋಗಿ, ಜೊತೆಗೆ ಕುಳಿತು ಹಾಡಿ. ನಮ್ಮ ರೆಕಾರ್ಡರ್ ಬೇಕಿದ್ದರೆ ಕೇಳಿ, ಕೊಡುತ್ತೇವೆ. ಸೆಲ್ ಮಾತ್ರ ನಿಮ್ಮದು!